ಹೂತಿಟ್ಟ ಕಬ್ಬಿಣದ ಲೆಕ್ಕ

ನ್ಯೂಜೆರ್ಸಿಯ ಎಲಿಜಬೆತ್ ನಗರದ ಅಂಚಿನ ಜೌಗಿನಲ್ಲಿ ನೆಲ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ದಿನಕ್ಕೆರಡು ಸಲ ಉಬ್ಬರದ ನೀರು ಅಂಕುಡೊಂಕು ಕಾಲುವೆಗಳಲ್ಲಿ ಒಳನುಗ್ಗುತ್ತದೆ, ಹುಲ್ಲಿನ ಬುಡಗಳನ್ನು ಮುಳುಗಿಸುತ್ತದೆ, ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ನೀರಿಳಿದ ಮೇಲೆ ಉಳಿಯುವುದು ಕಾಲಿಟ್ಟರೆ ಮೀನಖಂಡದವರೆಗೂ ಎಳೆದುಕೊಳ್ಳುವ ಕೆಸರು. ಮೇಲ್ಪದರ ಬೂದುಗಂದು. ಬೆರಳುದ್ದ ಕೆದಕಿದರೆ ಒಳಗೆಲ್ಲ ಕಡುಗಪ್ಪು, ಕೊಳೆತ ಮೊಟ್ಟೆಯ ನಾತ. ಗಾಳಿಯ ಆಮ್ಲಜನಕ ಅಷ್ಟು ಕೆಳಗೆ ಇಳಿಯಲಾರದು. ಅಲ್ಲಿ ಇರುವುದು ಉಪ್ಪು, ಗಂಧಕದ ಲವಣಗಳು ಮತ್ತು ಆ ಲವಣಗಳನ್ನೇ ಉಸಿರಾಗಿಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು. ಕಳೆದ ಶತಮಾನದ ಇಪ್ಪತ್ತರ ದಶಕದ ಆರಂಭದಲ್ಲಿ ಈ ಕೆಸರನ್ನು ಅಗೆದು, ಮೊದಲೇ ತೂಗಿ ಗುರುತು ಹಾಕಿದ್ದ ಕಬ್ಬಿಣದ, ಉಕ್ಕಿನ ಕೊಳವೆ ತುಂಡುಗಳನ್ನು ಸಾಲಾಗಿ ಮಲಗಿಸಿ ಮುಚ್ಚಲಾಯಿತು.

ಇಂಥ ಜಾಗಗಳು ಅಮೆರಿಕದ ಉದ್ದಗಲಕ್ಕೂ 47 ಇದ್ದವು. ಅಟ್ಲಾಂಟಾದಲ್ಲಿ ಸೆಸಿಲ್ ಎಂಬ ಹೆಸರಿನ ಜೇಡಿಮಣ್ಣು, ಕೋಲಾರದವರಿಗೂ ಗುರುತು ಸಿಗುವಂಥ ಕೆಂಪು. ಆ ಕೆಂಪು ಕಬ್ಬಿಣದ ಆಕ್ಸೈಡಿನದೇ ಬಣ್ಣ. ಮೇರಿಲ್ಯಾಂಡಿನ ಲಾಕ್ ರೇವನ್‌ನಲ್ಲಿ ಸುಣ್ಣದ ಬಂಡೆ ಕರಗಿ ಉಳಿದ ಕಂದು ಗೋಡು, ಮಳೆ ಬಿದ್ದರೆ ನೀರು ಬಸಿದು ಹೋಗುವ ಹದವಾದ ನೆಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹೂಸ್ಟನ್ ಕರಿಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ, ಮಳೆಗೆ ಉಬ್ಬಿ ಮೇಣದಂತೆ ಅಂಟುತ್ತದೆ. ಧಾರವಾಡ, ವಿಜಯಪುರದ ಎರೆಯನ್ನೂ ಈ ಮಣ್ಣನ್ನೂ ಮಣ್ಣುವಿಜ್ಞಾನಿಗಳು ವರ್ಟಿಸಾಲ್ ಎಂಬ ಒಂದೇ ವರ್ಗಕ್ಕೆ ಸೇರಿಸುತ್ತಾರೆ. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ನುಣ್ಣನೆಯ ಮರಳು. ಮಿಲ್ವಾಕಿಯಲ್ಲಿ ಸಸ್ಯಗಳು ಕೊಳೆತು ಒತ್ತಿಕೊಂಡ, ತೇವ ಆರದ ಪೀಟ್. ವಯೋಮಿಂಗಿನ ಕ್ಯಾಸ್ಪರ್‌ನಲ್ಲಿ ಇನ್ನೂ ಹೆಸರಿಡದ ಒಂದು ಚೌಳು ನೆಲ. ಕ್ಯಾಲಿಫೋರ್ನಿಯಾದ ಬಟನ್‌ವಿಲೋದಲ್ಲಿ ಮರ್ಸೆಡ್ ಎಂಬ ಕ್ಷಾರದ ಮಣ್ಣು. ಈ ಬಟನ್‌ವಿಲೋ ಮುಂದೆ ಕೊಳವೆಗಳಿಗೆ ಬಹಳ ಬೇಗ ತೂತು ಬಿದ್ದ ಜಾಗಗಳಲ್ಲಿ ಒಂದಾಯಿತು.

ಇಷ್ಟೆಲ್ಲ ಅಗೆತಕ್ಕೆ ಮೂಲ ಟ್ರಾಮ್ ಗಾಡಿಗಳು. ಮೇಲಿನ ತಂತಿಯಿಂದ ನೇರ ವಿದ್ಯುತ್ತನ್ನು ಎಳೆದುಕೊಂಡು ಓಡುತ್ತಿದ್ದ ಆ ಗಾಡಿಗಳ ವಿದ್ಯುತ್ತು ಹಳಿಗಳ ಮೂಲಕ ಹಿಂದಿರುಗಬೇಕಿತ್ತು. ಪೂರ್ತಿ ಹಳಿಯಲ್ಲೇ ಹೋಗದೆ ಒಂದು ಪಾಲು ನೆಲಕ್ಕಿಳಿದು, ಹತ್ತಿರದ ನೀರಿನ ಪೈಪೋ ಅನಿಲದ ಪೈಪೋ ಸಿಕ್ಕರೆ ಅದರಲ್ಲಿ ಹರಿಯುತ್ತಿತ್ತು. ಪೈಪಿಗೆ ಹತ್ತಿದ ಜಾಗದಲ್ಲಿ ತೊಂದರೆಯಿಲ್ಲ. ಪೈಪನ್ನು ಬಿಟ್ಟು ಮತ್ತೆ ಮಣ್ಣಿಗೆ ಇಳಿಯುವ ಜಾಗದಲ್ಲಿ ಮಾತ್ರ ಅದು ಕಬ್ಬಿಣವನ್ನೂ ತನ್ನೊಂದಿಗೆ ಕರಗಿಸಿಕೊಂಡು ಹೋಗುತ್ತಿತ್ತು. ನಗರದಿಂದ ನಗರಕ್ಕೆ ದೂರು ಬೆಳೆಯಿತು. 1910ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇದನ್ನು ಪರಿಶೀಲಿಸುವ ಕೆಲಸವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ಗೆ ಒಪ್ಪಿಸಿತು. ಬರ್ಟನ್ ಮೆಕಾಲಮ್, ಕರ್ಕ್ ಲೋಗನ್ ಮೊದಲಾದವರು ವರ್ಷಗಟ್ಟಲೆ ಅಳೆದರು. ಅಳೆಯುತ್ತ ಹೋದಂತೆ ಅನುಮಾನವೊಂದು ಗಟ್ಟಿಯಾಯಿತು. ಟ್ರಾಮ್ ಹಳಿಯೇ ಹತ್ತಿರವಿಲ್ಲದ ಕಡೆಯೂ ಪೈಪುಗಳು ತೂತಾಗುತ್ತಿದ್ದವು. ಹಾಗಾದರೆ ತಿನ್ನುತ್ತಿರುವುದು ಮಣ್ಣೇ. ಯಾವ ಮಣ್ಣು, ಎಷ್ಟು, ಎಷ್ಟು ಬೇಗ? ಅದನ್ನು ಹೇಳಬಲ್ಲವರು ಆಗ ಯಾರೂ ಇರಲಿಲ್ಲ. 1922ರಲ್ಲಿ ಹೂಳುವ ಕೆಲಸ ಶುರುವಾದದ್ದು ಈ ಪ್ರಶ್ನೆಗಾಗಿ. ಅದು ನಡೆದದ್ದು 1940ರವರೆಗೆ.

ಕ್ರಮ ಸರಳ. ಪೈಪು ಹಾಕುವ ಆಳಕ್ಕೆ ಕಾಲುವೆ ತೋಡುವುದು, ಒಂದೇ ಬಗೆಯ ತುಂಡುಗಳ ಹಲವು ಜೊತೆಗಳನ್ನು ಅಕ್ಕಪಕ್ಕ ಇಡುವುದು, ಮುಚ್ಚುವುದು. ಒಂದೆರಡು ವರ್ಷ ಕಳೆದ ಮೇಲೆ ಒಂದು ಜೊತೆಯನ್ನು ಕಿತ್ತು ತರುವುದು, ಉಳಿದವನ್ನು ಬಿಟ್ಟುಬರುವುದು. ಮತ್ತೆ ಕೆಲವು ವರ್ಷಕ್ಕೆ ಇನ್ನೊಂದು ಜೊತೆ. ಹೊರಬಂದ ತುಂಡು ಕೊಳವೆಯಂತೆ ಕಾಣುವುದೇ ಇಲ್ಲ. ತುಕ್ಕು ಸುತ್ತಲಿನ ಮರಳನ್ನೂ ಜೇಡಿಯನ್ನೂ ಬೆಸೆದುಕೊಂಡು ಕಂದು, ಕಿತ್ತಳೆ, ಕಪ್ಪು ಬಣ್ಣದ ಗಂಟುಗಳಾಗಿ ಮೇಲೆದ್ದಿರುತ್ತದೆ. ಆ ಗಂಟನ್ನು ಬಿಡಿಸಿ, ತೊಳೆದು, ಲೋಹ ಕಾಣುವವರೆಗೂ ಶುಚಿ ಮಾಡಿದರೆ ಅದರ ಕೆಳಗೇ ಕುಳಿ ಇರುತ್ತದೆ. ಆಮೇಲೆ ತಕ್ಕಡಿ: ಎಷ್ಟು ತೂಕ ಕಳೆದುಹೋಯಿತು? ಆಮೇಲೆ ಆಳ ಅಳೆಯುವ ಮೊನೆ: ಎಲ್ಲಕ್ಕಿಂತ ಆಳವಾದ ಕುಳಿ ಎಷ್ಟು?

ಬೀಡು ಕಬ್ಬಿಣದ ಕಥೆ ಬೇರೆಯೇ. ಅದರೊಳಗೆ ಗ್ರಾಫೈಟ್ ಎಸಳುಗಳು ಹೆಣೆದುಕೊಂಡಿರುತ್ತವೆ. ಕಬ್ಬಿಣ ಕರಗಿಹೋದರೂ ಈ ಹೆಣಿಗೆ ಉಳಿದು, ತುಕ್ಕಿನೊಡನೆ ಸೇರಿ, ಪೈಪಿನ ಆಕಾರವನ್ನು ಹಾಗೆಯೇ ಹಿಡಿದು ನಿಲ್ಲಿಸುತ್ತದೆ. ಹೊರಗಿನಿಂದ ನೋಡಿದರೆ ಅಂಚು, ದುಂಡು, ದಪ್ಪ ಎಲ್ಲವೂ ಸರಿ. ಚಾಕುವಿನ ಮೊನೆ ಒತ್ತಿದರೆ ಪೆನ್ಸಿಲ್ ಸೀಸದ ಹಾಗೆ ಕೆರೆದು ಬರುತ್ತದೆ. ಗಾಳಿಯಿಲ್ಲದ ಮಣ್ಣಿನಲ್ಲಿ ಹೀಗಾಗುವುದಕ್ಕೆ ಗಂಧಕದ ಲವಣಗಳನ್ನು ಉಸಿರಾಡುವ ಬ್ಯಾಕ್ಟೀರಿಯಾಗಳ ಕೈವಾಡವಿದೆ ಎಂದು 1934ರಲ್ಲಿ ಡಚ್ ವಿಜ್ಞಾನಿಗಳಾದ ಫಾನ್ ವೋಲ್ಜೋಗನ್ ಕ್ಯೂರ್ ಮತ್ತು ಫಾನ್ ಡರ್ ವ್ಲುಗ್ಟ್ ತೋರಿಸಿದರು. ಆಮ್ಲಜನಕವಿಲ್ಲದಿದ್ದರೆ ತುಕ್ಕಿಲ್ಲ ಎಂದು ಶಾಲೆಯಲ್ಲಿ ಕಲಿತದ್ದು ಎಲಿಜಬೆತ್ತಿನಂಥ ಜೌಗಿನಲ್ಲಿ ಸಾಲುವುದಿಲ್ಲ.

ಇಷ್ಟರಲ್ಲಿ ಕೋಷ್ಟಕಗಳು ಬೆಳೆಯುತ್ತಿದ್ದವು. ಮಣ್ಣಿನ ಹೆಸರು, ಹೂತ ಕಾಲ, ತೂಕದ ನಷ್ಟ, ಅತಿ ಆಳದ ಕುಳಿ. ಸಾಲಿನ ಮೇಲೆ ಸಾಲು. ಆ ಸಾಲುಗಳನ್ನು ನಿಧಾನವಾಗಿ ಓದಿದವರಿಗೆ ಮೊದಲು ಕಾಣುವುದು ಅವುಗಳ ಚದುರಿಕೆ. ಒಂದೇ ಪೈಪಿನಿಂದ ಕತ್ತರಿಸಿದ ಎರಡು ತುಂಡುಗಳು, ಒಂದೇ ಕಾಲುವೆಯಲ್ಲಿ ಕೈಯಳತೆಯ ದೂರದಲ್ಲಿ ಮಲಗಿ, ಒಂದೇ ದಿನ ಹೊರಬಂದಿವೆ. ಒಂದರ ಕುಳಿ ಆಳ, ಇನ್ನೊಂದರದು ಮೇಲುಮೇಲೆ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುವ ನಮ್ಮ ಅಡುಗೆಮನೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಈ ಪಾತ್ರೆಯಲ್ಲಿ ಪ್ರತಿಯೊಂದು ಅಗುಳಿಗೂ ಅದರದೇ ಉರಿ.

ಆ ಉರಿ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಪೈಪಿನ ಸುತ್ತ ಕಣ್ಣಾಡಿಸಿ ತಿಳಿಯಬಹುದು. ಕಾಲುವೆ ಮುಚ್ಚುವಾಗ ಮಣ್ಣು ಹೆಂಟೆಹೆಂಟೆಯಾಗಿ ಬೀಳುತ್ತದೆ. ಒಂದು ಜೇಡಿಹೆಂಟೆ ಪೈಪಿನ ಹೊಟ್ಟೆಗೆ ಒತ್ತಿಕೊಂಡರೆ ಅಲ್ಲಿಗೆ ಗಾಳಿ ಹೋಗುವುದಿಲ್ಲ. ಪಕ್ಕದಲ್ಲಿ ಪುಡಿಮಣ್ಣು ಬಿದ್ದ ಕಡೆ ಗಾಳಿಯಾಡುತ್ತದೆ. ಗಾಳಿ ಕಂಡ ಭಾಗ ಆಮ್ಲಜನಕವನ್ನು ಬಳಸಿಕೊಂಡು ಸುರಕ್ಷಿತವಾಗಿ ಉಳಿಯುತ್ತದೆ, ಗಾಳಿ ಕಾಣದ ಭಾಗ ಅದಕ್ಕೆ ತನ್ನ ಕಬ್ಬಿಣವನ್ನು ತೆರುತ್ತದೆ. ಮಳೆಗಾಲದ ಪೈಪಿಗೂ ಬೇಸಿಗೆಯ ಪೈಪಿಗೂ ಹೊರಗಿನ ಲೋಕ ಬೇರೆ. ಪೈಪಿನ ತಲೆಗೂ ಬುಡಕ್ಕೂ ಬೇರೆ. ಅಗೆಯುವುದೇ ನೆಲವನ್ನು ಬದಲಿಸುತ್ತದೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಮುಂದೆ ಸಿಕ್ಕಿತು. ಅದೇ ಬ್ಯೂರೋದ ಮೆಲ್ವಿನ್ ರೊಮನಾಫ್ ನೆಲಕ್ಕೆ ಹೊಡೆದು ಇಳಿಸಿದ ಉಕ್ಕಿನ ಕಂಬಗಳನ್ನು ಪರೀಕ್ಷಿಸಿ 1962ರಲ್ಲಿ ಬರೆದರು: ಎಂದೂ ಕದಡದ ಮಣ್ಣಿನಲ್ಲಿ ಆಳಕ್ಕೆ ಇಳಿದ ಉಕ್ಕು ದಶಕಗಳಾದರೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಾಲುವೆ ತೋಡಿ ಹೂತ ತುಂಡುಗಳ ಅಂಕಿಗಳಿಂದ ಈ ಕಂಬಗಳ ಗತಿಯನ್ನು ಊಹಿಸಲು ಬರುತ್ತಿರಲಿಲ್ಲ.

ಚದುರಿಕೆಯನ್ನು ಕಂಡು ಬೇಸರಪಟ್ಟು ಸರಾಸರಿ ತೆಗೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಕಳೆದುಹೋದ ತೂಕವನ್ನು ಪೈಪಿನ ಮೈಗೆಲ್ಲ ಸಮನಾಗಿ ಹಂಚಿದರೆ ಒಂದು ಅಚ್ಚುಕಟ್ಟಾದ ಅಂಕಿ ಬರುತ್ತದೆ, ಗೋಡೆ ವರ್ಷಕ್ಕೆ ಇಷ್ಟು ತೆಳುವಾಯಿತು ಎಂದು. ಆದರೆ ಪೈಪು ಸೋರುವುದು ಸರಾಸರಿಯಿಂದಲ್ಲ. ಸಾವಿರ ಕುಳಿಗಳಲ್ಲಿ ಒಂದೇ ಒಂದು ಗೋಡೆ ದಾಟಿದರೆ ಸಾಕು, ಮಿಕ್ಕ 999 ಎಷ್ಟೇ ಸಭ್ಯವಾಗಿದ್ದರೂ ಅನಿಲ ಹೊರಬಂದೇ ಬರುತ್ತದೆ. ಆದ್ದರಿಂದಲೇ ಬ್ಯೂರೋದ ಕೋಷ್ಟಕಗಳಲ್ಲಿ ತೂಕದ ಪಕ್ಕದಲ್ಲೇ ಅತಿ ಆಳದ ಕುಳಿಗೊಂದು ಅಂಕಣ. ಇಡೀ ಅಧ್ಯಯನದಲ್ಲಿ ಅತ್ಯಂತ ವಿವೇಕದ ತೀರ್ಮಾನ ಅದೇ ಎಂದು ನನಗೆ ಅನಿಸುತ್ತದೆ.

ಕಾಲದ ಜೊತೆ ಕುಳಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಅವರು ಕಂಡುಕೊಂಡ ಸೂತ್ರ ಚಿಕ್ಕದು. ಕಾಲವನ್ನು ಒಂದು ಘಾತಕ್ಕೆ ಏರಿಸಿ, ಮಣ್ಣಿಗೆ ತಕ್ಕ ಒಂದು ಸ್ಥಿರಾಂಕದಿಂದ ಗುಣಿಸಿದರೆ ಆಳ ಸಿಗುತ್ತದೆ. ಎಲ್ಲ ಗುಟ್ಟೂ ಆ ಘಾತಾಂಕದಲ್ಲಿದೆ. ಗಾಳಿಯಾಡುವ, ನೀರು ಬಸಿಯುವ ಮಣ್ಣಿನಲ್ಲಿ ಅದು 0.1ರ ಆಸುಪಾಸಿಗೆ ಇಳಿಯಬಹುದು. ಅಂದರೆ ಮೊದಲ ವರ್ಷದ ಕುಳಿ ಹತ್ತನೆಯ ವರ್ಷಕ್ಕೆ ಸುಮಾರು 1.26 ಪಟ್ಟು ಮಾತ್ರ. ಲಾಕ್ ರೇವನ್ನಿನ ಗೋಡಿನಂಥ ನೆಲದಲ್ಲಿ ಶುರುವಿನ ರಭಸ ಕಂಡು ಹೆದರಬೇಕಾಗಿಲ್ಲ, ತುಕ್ಕೇ ಗಟ್ಟಿಯಾಗಿ ಕುಳಿಯ ಬಾಯಿ ಮುಚ್ಚಿ ಕೆಲಸ ನಿಧಾನವಾಗುತ್ತದೆ. ಗಾಳಿಯಿಲ್ಲದೆ ಸದಾ ಒದ್ದೆಯಾಗಿರುವ ಜೇಡಿಯಲ್ಲಿ ಘಾತಾಂಕ 0.9ರ ತನಕ ಏರುತ್ತದೆ. ಅಲ್ಲಿ ಹತ್ತು ವರ್ಷಕ್ಕೆ ಸುಮಾರು ಎಂಟು ಪಟ್ಟು. ಮೊದಲ ವರ್ಷ ಎರಡೂ ತುಂಡುಗಳನ್ನು ಕಿತ್ತು ನೋಡಿದವನಿಗೆ ಅವು ಒಂದೇ ಥರ ಕಂಡಿರಬಹುದು. ವ್ಯತ್ಯಾಸ ತಿಳಿಯಬೇಕಾದರೆ ಕಾಯಬೇಕಿತ್ತು. ಆ ಕಾಲದವರು ಕಾದರು. 18 ವರ್ಷಗಳ ಮಧ್ಯೆ ದೊಡ್ಡ ಆರ್ಥಿಕ ಕುಸಿತವೊಂದು ಬಂದುಹೋಯಿತು, ಎರಡನೆಯ ಮಹಾಯುದ್ಧ ಶುರುವಾಯಿತು, ಕೊಳವೆಗಳನ್ನು ಕಿತ್ತು ಅಳೆಯುವ ಕೆಲಸ ನಡೆದೇ ಇತ್ತು.

ಇನ್ನೊಂದು ತೊಡಕು ಅಳತೆಯ ಒಳಗೇ ಇತ್ತು. ತುಂಡು ಚಿಕ್ಕದು, ಊರಿನ ಪೈಪು ಮೈಲಿಗಟ್ಟಲೆ. ಚಿಕ್ಕ ತುಂಡಿನ ಮೇಲೆ ಕಂಡ ಅತಿ ಆಳದ ಕುಳಿಯೇ ಮೈಲುದ್ದದ ಪೈಪಿನ ಅತಿ ಆಳದ ಕುಳಿಯೂ ಆಗಿರಬೇಕೆಂದಿಲ್ಲ. ನೋಡುವ ವಿಸ್ತೀರ್ಣ ಹೆಚ್ಚಿದಷ್ಟೂ ಇನ್ನೂ ಆಳದ್ದು ಸಿಗುವ ಸಂಭವ ಹೆಚ್ಚು. ಮೂವತ್ತರ ದಶಕದಲ್ಲಿ ಪೆಟ್ರೋಲಿಯಂ ಉದ್ಯಮದ ಪರವಾಗಿ ಕೆಲಸ ಮಾಡುತ್ತಿದ್ದ ಗಾರ್ಡನ್ ಸ್ಕಾಟ್ ಈ ಸಂಬಂಧವನ್ನು ಅಂಕಿಗಳಲ್ಲಿ ಹಿಡಿದರು. ಅದರ ಹಿಂದಿನ ಗಣಿತ ಪೂರ್ಣವಾಗಿ ಬಂದದ್ದು ತುಕ್ಕಿಗೂ ಪೈಪಿಗೂ ಸಂಬಂಧವೇ ಇಲ್ಲದ ಒಬ್ಬ ಮನುಷ್ಯನಿಂದ.

ಎಮಿಲ್ ಗುಂಬೆಲ್ 1891ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಯಹೂದಿ, ಯುದ್ಧವಿರೋಧಿ, ಸಂಖ್ಯಾಶಾಸ್ತ್ರಜ್ಞ. ಅಮೆರಿಕದಲ್ಲಿ ಕೊಳವೆಗಳನ್ನು ಹೂಳಲು ಶುರುಮಾಡಿದ 1922ರಲ್ಲೇ ಆತ ಜರ್ಮನಿಯ ನಾಲ್ಕು ವರ್ಷಗಳ ರಾಜಕೀಯ ಕೊಲೆಗಳನ್ನು ಲೆಕ್ಕ ಹಾಕಿ ಪುಸ್ತಕ ತಂದ. ಬಲಪಂಥದವರು ಮಾಡಿದ ಕೊಲೆ 354, ಎಡಪಂಥದವರು ಮಾಡಿದ್ದು 22. ಯಾರಿಗೆ ಎಷ್ಟು ಶಿಕ್ಷೆಯಾಯಿತು ಎಂಬುದನ್ನೂ ಪಕ್ಕದಲ್ಲೇ ಬರೆದ. ನ್ಯಾಯಾಲಯಗಳ ಪಕ್ಷಪಾತ ಅಂಕಿಗಳಲ್ಲೇ ಬಯಲಾಯಿತು. 1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಹುದ್ದೆ ಹೋಯಿತು. ಫ್ರಾನ್ಸಿಗೆ ಹೋದ, ಅಲ್ಲಿಗೂ ನಾಜಿಗಳು ಬಂದಾಗ 1940ರಲ್ಲಿ ಅಮೆರಿಕ ಸೇರಿದ. ಊರೂರು ಅಲೆಯುವಾಗಲೂ ಆತ ಬಿಡದೆ ಹಿಡಿದ ಪ್ರಶ್ನೆ ಒಂದೇ: ಸಾಮಾನ್ಯವಾದದ್ದನ್ನು ಬಿಟ್ಟು, ಅತಿ ದೊಡ್ಡದು ಮತ್ತು ಅತಿ ಚಿಕ್ಕದು ಯಾವ ನಿಯಮಕ್ಕೆ ನಡೆಯುತ್ತವೆ? ನದಿಯ ಪ್ರತಿವರ್ಷದ ಅತಿ ದೊಡ್ಡ ನೆರೆಯನ್ನು ಮಾತ್ರ ಆಯ್ದು ಜೋಡಿಸಿದರೆ ಅವುಗಳಲ್ಲೂ ಒಂದು ಕ್ರಮ ಕಾಣುತ್ತದೆ, ಆ ಕ್ರಮವನ್ನು ಮುಂದಕ್ಕೆ ಎಳೆದರೆ ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ಅಂದಾಜು ಮಾಡಬಹುದು ಎಂದು ತೋರಿಸಿದ. ನಮ್ಮ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಲಶಾಸ್ತ್ರದ ಪಾಠದಲ್ಲಿ ಗುಂಬೆಲ್ ವಿಧಾನ ಎಂದು ಕಲಿಯುವುದು ಇದನ್ನೇ. ಆ ಹೆಸರಿನ ಹಿಂದಿನ ಬದುಕನ್ನೂ ಅವರಿಗೆ ಯಾರಾದರೂ ಹೇಳಬೇಕು.

ನೆರೆಯ ಜಾಗದಲ್ಲಿ ಕುಳಿಯನ್ನು ಇಟ್ಟುನೋಡಿ. ವರ್ಷಕ್ಕೊಂದು ದೊಡ್ಡ ನೆರೆ ಎನ್ನುವ ಬದಲು ತುಂಡಿಗೊಂದು ಆಳವಾದ ಕುಳಿ. ವರ್ಷಗಳು ಹೆಚ್ಚುವ ಬದಲು ವಿಸ್ತೀರ್ಣ ಹೆಚ್ಚುತ್ತದೆ. 1956ರಲ್ಲಿ ಕೆನಡಾದಲ್ಲಿ ಪಿ. ಎಂ. ಅಜೀಜ್ ಅಲ್ಯುಮಿನಿಯಂ ಹಾಳೆಗಳ ಕುಳಿಗಳ ಮೇಲೆ ಈ ಲೆಕ್ಕವನ್ನು ಹೂಡಿದರು. ಪ್ರತಿ ಹಾಳೆಯ ಅತಿ ಆಳದ ಕುಳಿಯನ್ನು ಏರಿಕೆಯ ಕ್ರಮದಲ್ಲಿ ಬರೆದು, ಗುಂಬೆಲ್ ನಿಯಮಕ್ಕೆ ಹೊಂದುವಂತೆ ಗೆರೆಗಳ ಅಂತರ ಮಾಡಿದ ಕಾಗದದ ಮೇಲೆ ಗುರುತು ಹಾಕಿದರೆ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಗೆ ಬಂದು ಕೂರುತ್ತವೆ. ರೇಖೆ ಸಿಕ್ಕಿತೆಂದರೆ ಕೈಯಲ್ಲಿರುವ ಕೆಲವೇ ತುಂಡುಗಳಿಂದ ಕೈಗೆಟುಕದ ಸಾವಿರಾರು ತುಂಡುಗಳ ಬಗ್ಗೆ ಮಾತಾಡಬಹುದು. ಖಚಿತವಾಗಿಯಲ್ಲ, ಇಷ್ಟು ಸಂಭವನೀಯತೆಯೊಂದಿಗೆ ಎಂದು. ಬ್ಯೂರೋದವರು ಹೂಳಲು ಶುರುಮಾಡಿದಾಗ ಈ ಸಾಧನ ಇರಲಿಲ್ಲ. ಆದರೂ ಅವರು ಅತಿ ಆಳದ ಕುಳಿಯನ್ನೇ ಬರೆದಿಟ್ಟರು.

1957ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ರೊಮನಾಫ್ ಹೊರತಂದ ಗ್ರಂಥದ ಗುರುತು ಸರಕಾರಿ ಕಡತಕ್ಕೆ ತಕ್ಕಂತೆ ಸಪ್ಪೆಯಾದದ್ದು, ಸರ್ಕ್ಯುಲರ್ 579. ಅದರ ಹೊಟ್ಟೆಯಲ್ಲಿರುವುದು 36,500 ತುಂಡುಗಳು. ಕಬ್ಬಿಣ, ಉಕ್ಕು, ತಾಮ್ರ, ಸೀಸ, ಸತು, ಅವುಗಳ ಮಿಶ್ರಲೋಹಗಳು, ಮೇಲೆ ಬಳಿಯುವ ಲೇಪಗಳು ಸೇರಿ 333 ಬಗೆ. 1922ರ 47 ಜಾಗಗಳ ಜೊತೆಗೆ ಮುಂದೆ ಸೇರಿದವೂ ಸೇರಿ 128 ಜಾಗ. ಮೆದುಕಬ್ಬಿಣ ಒಳ್ಳೆಯದೋ ಉಕ್ಕು ಒಳ್ಳೆಯದೋ ಎಂಬ ಹಳೆಯ ವಾದಕ್ಕೆ ಇಲ್ಲಿ ಉತ್ತರ ಸಿಗುತ್ತದೆಂದು ಕಾಯುತ್ತಿದ್ದವರಿಗೆ ನಿರಾಸೆಯಾಗಿರಬೇಕು. ಮಣ್ಣಿನಿಂದ ಮಣ್ಣಿಗೆ ಇದ್ದ ಅಂತರದ ಮುಂದೆ ಈ ಎರಡು ಲೋಹಗಳ ನಡುವಿನ ಅಂತರ ಕಣ್ಣಿಗೇ ಬೀಳಲಿಲ್ಲ. ಲೇಪವಿಲ್ಲದೆ ಪೈಪು ಹೂಳಲೇಬಾರದ ಮಣ್ಣುಗಳಿವೆ ಎಂಬುದು ಮಾತ್ರ ಬೇಗನೆ ಸ್ಪಷ್ಟವಾಯಿತು. ಉಳಿದಂತೆ ಈ ಅಂಕಿಗಳನ್ನು ಪ್ರಯೋಗ ನಡೆದ ಜಾಗಗಳಾಚೆಗೆ ಎಳೆಯುವಾಗ ಬಹಳ ಎಚ್ಚರ ಬೇಕು ಎಂದು ಅಂಕಿ ಕೂಡಿಸಿದವರೇ ಹೇಳಿದರು. ಇಷ್ಟು ವರ್ಷ ದುಡಿದ ಮೇಲೂ ತಮ್ಮ ಫಲಿತಾಂಶವನ್ನು ಉಬ್ಬಿಸದ ಆ ಸಂಯಮಕ್ಕೆ ನಾನು ತಲೆಬಾಗುತ್ತೇನೆ.

2000ದ ಆಗಸ್ಟ್ 19ರ ನಸುಕಿನಲ್ಲಿ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಬಳಿ, ಪೆಕೋಸ್ ನದಿಯ ದಡದಲ್ಲಿ ಒಂದು ದೊಡ್ಡ ಕುಟುಂಬ ಬಿಡಾರ ಹೂಡಿ ಮಲಗಿತ್ತು. ಹತ್ತಿರದಲ್ಲೇ 30 ಅಂಗುಲ ವ್ಯಾಸದ ನೈಸರ್ಗಿಕ ಅನಿಲದ ಕೊಳವೆ, 1950ರಲ್ಲಿ ಹಾಕಿದ್ದು. ಅದು ಸಿಡಿಯಿತು, ಅನಿಲಕ್ಕೆ ಬೆಂಕಿ ಹತ್ತಿತು. ಮಕ್ಕಳೂ ಸೇರಿ 12 ಜನ ತೀರಿಹೋದರು. ಕೊಳವೆಯ ಒಳಗೋಡೆ ತುಕ್ಕಿಗೆ ಸವೆದು ತೆಳ್ಳಗಾಗಿತ್ತು ಎಂದು ತನಿಖೆ ಹೇಳಿತು. ಅದು ಮಣ್ಣಿನ ಕೆಲಸವಲ್ಲ, ಒಳಗೆ ಸೇರಿದ ತೇವದ ಕೆಲಸ. ಆದರೆ ನೆಲದಡಿಯ ಹಳೆಯ ಕೊಳವೆಗಳ ಸ್ಥಿತಿ ಏನು ಎಂಬ ಪ್ರಶ್ನೆ ಇಡೀ ದೇಶದ್ದಾಯಿತು. 2002ರಲ್ಲಿ ಕೊಳವೆಗಳ ಸುರಕ್ಷತೆಗೆ ಹೊಸ ಕಾಯ್ದೆ ಬಂತು. ಸಾರಿಗೆ ಇಲಾಖೆಯವರು ಬ್ಯೂರೋದ ಈಗಿನ ರೂಪವಾದ ಎನ್‌ಐಎಸ್‌ಟಿ ಸಂಸ್ಥೆಯ ಬಾಗಿಲು ತಟ್ಟಿದರು: ಆ ಹಳೆಯ ಅಂಕಿಗಳನ್ನು ಇಂದಿನ ಗಣಕಯಂತ್ರಗಳಿಗೆ ಕೊಟ್ಟರೆ ಅಂದು ಕಾಣದ್ದು ಏನಾದರೂ ಕಂಡೀತೇ?

ರಿಚರ್ಡ್ ರಿಕರ್ ಎಂಬ ವಿಜ್ಞಾನಿ ಆ ಕೋಷ್ಟಕಗಳನ್ನು ಮತ್ತೆ ಬಿಚ್ಚಿದರು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೊಂದೇ ಗುಣವನ್ನು ಹಿಡಿದು ನೋಡಿದಾಗ, ಅಂದರೆ ಆಮ್ಲೀಯತೆ ಒಂದೇ, ವಿದ್ಯುತ್ತಿಗೆ ಮಣ್ಣು ಒಡ್ಡುವ ತಡೆ ಒಂದೇ, ಲವಣ ಒಂದೇ ಎಂದು ನೋಡಿದಾಗ, ತುಕ್ಕಿನೊಡನೆ ಅವುಗಳ ನಂಟು ಬಹಳ ಸಡಿಲ. ಹಲವು ಗುಣಗಳನ್ನು ಒಟ್ಟಿಗೆ ಸಮೀಕರಣಕ್ಕೆ ಸೇರಿಸಿದಾಗ ನಂಟು ಸ್ವಲ್ಪ ಬಿಗಿಯಾಯಿತು. ಅದರಲ್ಲಿ ಅಚ್ಚರಿಯಿಲ್ಲ. ಉಪ್ಪಿದ್ದೂ ಒಣಗಿದ ಮಣ್ಣು ಹೆಚ್ಚೇನೂ ಮಾಡಲಾರದು, ಒದ್ದೆಯಿದ್ದೂ ನೀರು ಬಸಿಯುವ ಮಣ್ಣು ಸುಮ್ಮನಿರಬಹುದು, ಉಪ್ಪು ಒದ್ದೆ ಎರಡೂ ಸೇರಿದಾಗ ಮಾತೇ ಬೇರೆ. ಅಂದಾಜಿನ ಸಮೀಕರಣಗಳೇನೋ ಸಿದ್ಧವಾದವು. ಪ್ರತಿಯೊಂದಕ್ಕೂ ಅನಿಶ್ಚಿತತೆಯ ಅಳತೆಯನ್ನೂ ರಿಕರ್ ಪಕ್ಕದಲ್ಲೇ ಕೊಟ್ಟರು. ಆ ಅಳತೆ ದೊಡ್ಡದಾಗಿತ್ತು. ಮೆದುಕಬ್ಬಿಣಕ್ಕೂ ಉಕ್ಕಿಗೂ ವ್ಯತ್ಯಾಸ ಕಾಣುವುದಿಲ್ಲ ಎಂಬ ಹಳೆಯ ತೀರ್ಮಾನವೇ ಮತ್ತೆ ನಿಂತಿತು.

ಯಂತ್ರಗಳ ಶಕ್ತಿ ಇಷ್ಟು ಬೆಳೆದ ಮೇಲೂ ಗೆರೆ ಏಕೆ ಚುರುಕಾಗಲಿಲ್ಲ? ಬರೆದಿಡದೇ ಹೋದದ್ದನ್ನು ಯಾವ ಯಂತ್ರವೂ ಲೆಕ್ಕ ಹಾಕಲಾರದು. ಮಣ್ಣಿನ ಪೂರ್ತಿ ವಿವರ ಅರ್ಧಕ್ಕಿಂತ ಕಡಿಮೆ ಜಾಗಗಳಿಗೆ ಮಾತ್ರ ಇತ್ತು. ಯಾವ ವರ್ಷ ಮಳೆ ಹೆಚ್ಚು, ಯಾವ ತಿಂಗಳು ಅಂತರ್ಜಲ ಎಷ್ಟು ಮೇಲೆ ಬಂತು, ಕಾಲುವೆಯ ಯಾವ ತುದಿಯ ತುಂಡು ಇದು, ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಎರಡು ಅಗೆತಗಳ ನಡುವಿನ ಅಂತರ ವರ್ಷಗಟ್ಟಲೆ, ಆ ವರ್ಷಗಳೊಳಗೆ ಏನಾಯಿತೆಂದು ತಿಳಿಯುವುದಿಲ್ಲ. ಚದುರಿಕೆಗೆ ಮೂಲ ಈ ಋತುಮಾನದ, ವರ್ಷಮಾನದ, ಜಾಗದೊಳಗಿನ ಏರುಪೇರೇ ಎಂದು ರಿಕರ್ ಗುರುತಿಸಿದರು. ಇನ್ನೂ ಹತ್ತಿರಹತ್ತಿರದ ಅಳತೆಗಳು, ಹಲವು ವರ್ಷ, ಪೂರ್ತಿ ವಿವರದೊಂದಿಗೆ ಬೇಕು ಎಂಬುದು ಅವರ ಕೋರಿಕೆ. ಇದನ್ನು ಸೋಲು ಎಂದು ಓದುವವರೂ ಇರಬಹುದು. ನನಗೆ ಹಾಗೆ ಕಾಣುವುದಿಲ್ಲ. ಯಾವುದು ಎಷ್ಟರಮಟ್ಟಿಗೆ ತಿಳಿದಿದೆ ಎಂಬುದನ್ನು ಅಂಕಿಯಲ್ಲಿ ಹೇಳಲು ಬಂದದ್ದೇ ಇಲ್ಲಿನ ಗಳಿಕೆ.

ತುಕ್ಕು ಎಂದಕೂಡಲೇ ನಮ್ಮಲ್ಲಿ ಮಾತು ದೆಹಲಿಯ ಕಂಬಕ್ಕೆ ಹೋಗುತ್ತದೆ. ಕರ್ನಾಟಕದವರು ಕೊಡಚಾದ್ರಿಯ ಹೆಸರನ್ನೂ ಸೇರಿಸುತ್ತಾರೆ. ಅಲ್ಲಿನ ಆದಿ ಮೂಕಾಂಬಿಕೆಯ ಗುಡಿಯ ಮುಂದೆ ಮಲೆನಾಡಿನ ಮಳೆಯಲ್ಲೇ ನಿಂತ ಕಬ್ಬಿಣದ ಕಂಬವಿದೆ, ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ 1999ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ದೆಹಲಿ ಕಂಬದ ಕಬ್ಬಿಣದಲ್ಲಿರುವ ರಂಜಕ ಹೇಗೆ ಮೇಲ್ಮೈಯಲ್ಲಿ ರಕ್ಷಾಪದರ ಕಟ್ಟುತ್ತದೆ ಎಂಬುದನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ವಿವರಿಸಿದರು. ಅವು ಎರಡೂ ನಮ್ಮ ಕಮ್ಮಾರರ ಕೈಚಳಕಕ್ಕೆ ಸಾಕ್ಷಿ. ಅದರಾಚೆಗೆ, ಹಳೆಯ ಕಬ್ಬಿಣವೆಲ್ಲ ಹೀಗೇ ಬಾಳುತ್ತಿತ್ತು ಎಂದು ಹೇಳಲು ಅವು ಸಾಲವು. ನಮ್ಮ ಕಣ್ಣಿಗೆ ಬೀಳುವುದು ಉಳಿದದ್ದು ಮಾತ್ರ. ಅದೇ ಕೈಗಳು ಮಾಡಿದ ಎಷ್ಟು ಗುಳ, ಕುಡುಗೋಲು, ಸರಪಳಿ, ಬಾಗಿಲಪಟ್ಟಿಗಳು ಪುಡಿಯಾಗಿ ಹೊಲದ ಮಣ್ಣಿಗೆ ಸೇರಿದವೋ ಅವುಗಳ ಲೆಕ್ಕ ಇಟ್ಟವರಿಲ್ಲ. ಸವೆದ ತುಂಡನ್ನೂ ಉಳಿದ ತುಂಡನ್ನೂ ಸಮನಾಗಿ ಕಿತ್ತು ಅಳೆದ ಅಧ್ಯಯನದ ಬೆಲೆ ಇಲ್ಲಿ ತಿಳಿಯುತ್ತದೆ.

ಇಂದು ದಾಭೋಳ್‌ನಿಂದ ಬೆಂಗಳೂರಿಗೆ ಬರುವ ಸುಮಾರು 1,000 ಕಿಲೋಮೀಟರ್ ಉದ್ದದ ಅನಿಲ ಕೊಳವೆ ಬೆಳಗಾವಿ, ಧಾರವಾಡದ ಎರೆ ಹೊಲಗಳನ್ನು ದಾಟಿ ಚಿತ್ರದುರ್ಗ, ತುಮಕೂರಿನ ಕೆಂಪುನೆಲಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ 450 ಕಿಲೋಮೀಟರ್, ಕರಾವಳಿಯ ಮುರಕಲ್ಲು ನೆಲದ್ದು. ಇಂಥ ಕೊಳವೆಗಳಿಗೆ ಮೈತುಂಬ ಲೇಪ, ಜೊತೆಗೆ ಟ್ರಾಮ್ ಕಾಲದಲ್ಲಿ ಪೈಪನ್ನು ತಿಂದ ಅದೇ ನೇರ ವಿದ್ಯುತ್ತನ್ನು ದಿಕ್ಕು ಬದಲಿಸಿ ಹರಿಸುವ ರಕ್ಷಣೆ. 1928ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರಾಬರ್ಟ್ ಕೂನ್ ಅನಿಲದ ಕೊಳವೆಗೆ ಅಳವಡಿಸಿ ತೋರಿಸಿದ ಉಪಾಯ ಅದು. ಆದರೂ ಲೇಪ ಎಲ್ಲೋ ಸಿಪ್ಪೆ ಬಿಟ್ಟಿರಬಹುದು ಎಂದು ಕೆಲವು ವರ್ಷಗಳಿಗೊಮ್ಮೆ ಕೊಳವೆಯೊಳಗೆ ಅನಿಲದ ಒತ್ತಡದಿಂದಲೇ ಸಾಗುವ ತಪಾಸಣೆಯ ಯಂತ್ರವನ್ನು ಬಿಡುತ್ತಾರೆ. ಅದು ಗೋಡೆಯನ್ನು ಕಾಂತೀಯಗೊಳಿಸುತ್ತ ಹೋಗುತ್ತದೆ, ಗೋಡೆ ತೆಳುವಾದ ಕಡೆ ಕಾಂತಕ್ಷೇತ್ರ ಹೊರಚೆಲ್ಲುವುದನ್ನು ದಾಖಲಿಸುತ್ತದೆ. ಒಂದು ಸಲದ ಓಟಕ್ಕೆ ಸಾವಿರಾರು ಕುಳಿಗಳ ಪಟ್ಟಿ ಬರಬಹುದು, ಪ್ರತಿಯೊಂದರ ಮುಂದೆ ಆಳ, ದೂರ, ಗಡಿಯಾರದ ಮುಖದ ಲೆಕ್ಕದಲ್ಲಿ ಅದು ಪೈಪಿನ ಯಾವ ಬದಿಯಲ್ಲಿದೆ ಎಂಬ ಗುರುತು.

ಈ ಯಂತ್ರದ ಅಳತೆಗೂ ಚದುರಿಕೆ ಇದೆ. ಸಾಮಾನ್ಯವಾಗಿ ಅದು ಕೊಡುವ ಮಾತು ಇಷ್ಟು: ನೂರರಲ್ಲಿ 80 ಸಲ ನನ್ನ ಅಂಕಿ ನಿಜವಾದ ಆಳದಿಂದ ಗೋಡೆಯ ದಪ್ಪದ ಶೇ 10ರೊಳಗೆ ಇರುತ್ತದೆ. ಒಂದು ಕುಳಿ ಮೊದಲ ಓಟದಲ್ಲಿ ಶೇ 30, ಐದು ವರ್ಷದ ಮೇಲೆ ಶೇ 36 ಎಂದು ಬಂತು ಎನ್ನೋಣ. ಅದು ಬೆಳೆಯಿತೇ? ಎರಡು ಅಳತೆಗಳ ತಪ್ಪು ಸೇರಿದರೆ ಶೇ 14ರವರೆಗೂ ಹೋಗುವುದರಿಂದ ಆ ಒಂದು ಕುಳಿಯನ್ನು ನೋಡಿ ಏನನ್ನೂ ಹೇಳಲಾಗದು. ಆದರೆ ಎರಡೂ ಓಟಗಳಲ್ಲಿ ಗುರುತು ಹೊಂದುವ ಸಾವಿರಾರು ಕುಳಿಗಳು ಒಟ್ಟಾರೆ ಶೇ 6 ಸರಿದಿದ್ದರೆ, ಯಂತ್ರವೇ ಒಂದು ಕಡೆ ವಾಲಿ ಓದುತ್ತಿಲ್ಲ ಎಂದು ಕೆಲವು ಕಡೆ ಅಗೆದು ಖಚಿತಪಡಿಸಿಕೊಂಡ ಮೇಲೆ, ಆ ಸರಿತ ನಿಜ ಎನ್ನಬಹುದು. ಆ ಬೆಳವಣಿಗೆಯನ್ನು ಮಣ್ಣಿನ ಪ್ರಕಾರ ಬೇರೆಬೇರೆಯಾಗಿ ಬಿಡಿಸಿದರೆ ಎರೆಯ ಹರವು ಒಂದು, ಕೆಂಪುಮಣ್ಣಿನ ಹರವು ಇನ್ನೊಂದು. ಗೋಡೆಯ ಶೇ 80 ದಾಟಿದ ಕುಳಿಯನ್ನು ದುರಸ್ತಿ ಮಾಡಲೇಬೇಕೆಂಬುದು ನಿಯಮ. ಈಗ ಮುಂದಿನ ಓಟಕ್ಕೆ ಮೊದಲು ಆ ಗೆರೆ ಮುಟ್ಟುವ ಸಂಭವ ಯಾವುದಕ್ಕೆ ಹೆಚ್ಚು ಎಂದು ಲೆಕ್ಕ ಹಾಕಬೇಕು. ಒಣ ಕೆಂಪುನೆಲದಲ್ಲಿ ಶೇ 66 ಎಂದು ಓದಿಬಂದ ಕುಳಿಯನ್ನು ಬಿಟ್ಟು, ಬಿರಿದು ಉಬ್ಬುವ ಎರೆಯಲ್ಲಿ ಶೇ 58 ಎಂದು ಬಂದದ್ದನ್ನೇ ಮೊದಲು ಅಗೆಯಲು ಆ ಲೆಕ್ಕ ಹೇಳಬಹುದು.